ಹೆಡರ್ ಒಂದು ಕಡೆ, ಕಾಲಂ ಇನ್ನೊಂದು ಕಡೆ

ಮ್ಯಾಕ್‌ನಲ್ಲಿ ಗ್ರಿಡ್ ನೆಟ್ಟಗಿದೆ. ವಿಂಡೋಸ್‌ನ ಕ್ರೋಮ್‌ನಲ್ಲಿ ತೆರೆದರೆ 'ಮೊತ್ತ' ಅನ್ನೋ ಹೆಡರ್ ತನ್ನ ಕಾಲಂ ಬಿಟ್ಟು ಬಲಕ್ಕೆ ಸರಿದಿದೆ.

ಕಾಲಂ ಅಗಲ ತಿದ್ದೋಕೆ ಹೋಗಬೇಡಿ. ಡೆವ್‌ಟೂಲ್ಸ್ ತೆರೆದು, ಸ್ಕ್ರೋಲ್ ಆಗೋ ಬಾಕ್ಸಿನ ಆಫ್‌ಸೆಟ್‌ವಿಡ್ತ್‌ನಿಂದ ಕ್ಲೈಂಟ್‌ವಿಡ್ತ್ ಕಳೆಯಿರಿ. ಬಾರ್ಡರ್ ಬಿಟ್ಟು ಸುಮಾರು 15–17 ಪಿಕ್ಸೆಲ್ ಉಳೀತಾ? ಕಳ್ಳ ಸಿಕ್ಕಿದ: ಸ್ಕ್ರೋಲ್‌ಬಾರ್!

ಮ್ಯಾಕ್ ಟ್ರ್ಯಾಕ್‌ಪ್ಯಾಡ್‌ನಲ್ಲಿ ಅದು ಮೇಲೆ ತೇಲುತ್ತೆ, ಜಾಗ ಕೇಳಲ್ಲ. (ಮೌಸ್ ಜೋಡಿಸಿ ನೋಡಿ, ಅಲ್ಲೂ ಬಣ್ಣ ಬಯಲಾಗಬಹುದು.) ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಸಾಲುಗಳ ಅಗಲದಿಂದಲೇ ಜಾಗ ಕಿತ್ತುಕೊಳ್ಳುತ್ತೆ. ಹೆಡರ್ ಬೇರೆ ಬಾಕ್ಸಲ್ಲಿದ್ದರೆ ಅದಕ್ಕೆ ಈ ಸುದ್ದಿಯೇ ಇಲ್ಲ.

ಹೆಡರ್‌ಗೆ 17 ಪಿಕ್ಸೆಲ್ ಪ್ಯಾಡಿಂಗ್ ತುರುಕೋದು ಬರೀ ತೇಪೆ. ಎರಡೂ ಬಾಕ್ಸಿಗೆ ಸ್ಕ್ರೋಲ್‌ಬಾರ್-ಗಟರ್: ಸ್ಟೇಬಲ್ ಕೊಡಿ, ಹೆಡರ್‌ಗೆ ಓವರ್‌ಫ್ಲೋ: ಹಿಡನ್ ಕೂಡ ಇರಲಿ. ಆದರೆ ಸಫಾರಿಗೆ ಸ್ಕ್ರೋಲ್‌ಬಾರ್-ಗಟರ್ ಬಂದಿದ್ದೇ 18.2ರಲ್ಲಿ.

ಅದಕ್ಕೇ ನನ್ನ ಓಟು ಬೇರೆ ದಾರಿಗೆ: ಒಂದೇ ಸ್ಕ್ರೋಲ್ ಬಾಕ್ಸ್, ಅದರೊಳಗೇ ಟೇಬಲ್, ಹೆಡರ್‌ಗೆ ಪೊಸಿಷನ್: ಸ್ಟಿಕಿ. ಕ್ರೋಮ್ 91ಕ್ಕಿಂತ ಹಳೇದೂ ಬೇಕಂದ್ರೆ ಸ್ಟಿಕಿಯನ್ನ ಟಿಹೆಡ್‌ಗೆ ಅಲ್ಲ, ಪ್ರತಿ ಟಿಎಚ್‌ಗೆ ಹಾಕಿ. ಸ್ಕ್ರೋಲ್ ಮಾಡಿದಾಗ ಹೆಡರ್ ಗೆರೆ ಮಾಯವಾದರೆ, ಬಾರ್ಡರ್-ಕೊಲ್ಯಾಪ್ಸ್ ಅನ್ನು ಸೆಪರೇಟ್ ಮಾಡಿ.