ಕೊಂಡು ತಂದ ಗಡಿಯಾರವೋ, ಕೈಯಾರೆ ಕಟ್ಟಿದ ಗಡಿಯಾರವೋ?

ಡಿಪ್ಲೊಮಾ ಕೊನೆಯ ವರ್ಷ ಬಂತೆಂದರೆ ಸಾಕು, ಇಲೆಕ್ಟ್ರಾನಿಕ್ಸ್ ಕಲಿಯುವ ಮಕ್ಕಳಿರುವ ಮನೆಗಳಲ್ಲಿ ‘ಪ್ರಾಜೆಕ್ಟ್’ ಎಂಬ ಮಾತು ದಿನಕ್ಕೆ ಹತ್ತು ಬಾರಿ ಕೇಳಿಬರುತ್ತದೆ. ಹೋಟೆಲಿನಲ್ಲೋ ಕ್ಯಾಂಟೀನಿನಲ್ಲೋ ದುಡಿದು ಮಕ್ಕಳ ಶುಲ್ಕ ಕಟ್ಟುವ ತಂದೆಗೆ ಪ್ರಾಜೆಕ್ಟ್ ಎಂದರೇನೆಂಬುದು ಗೊತ್ತಿರುವುದಿಲ್ಲ. ಎಷ್ಟು ದುಡ್ಡು ಬೇಕು ಎಂದಷ್ಟೇ ಆತ ಕೇಳಬಲ್ಲ. ಮಗ ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿನತ್ತ ನಡೆಯುತ್ತಾನೆ. ಮುಂಬಯಿಗೆ ಲ್ಯಾಮಿಂಗ್ಟನ್ ರೋಡ್ ಹೇಗೋ, ಪುಣೆಗೆ ಬುಧವಾರ ಪೇಟೆ, ಚೆನ್ನೈಗೆ ರಿಚಿ ಸ್ಟ್ರೀಟ್, ದೆಹಲಿಗೆ ಲಜಪತ್ ರಾಯ್ ಮಾರ್ಕೆಟ್ ಹಾಗೆ.

ದೊಡ್ಡ ನಗರಗಳಲ್ಲಿ ಬಿಡಿಭಾಗಗಳೂ ಸಿಗುತ್ತವೆ, ವರದಿ ಸಮೇತ ಸಿದ್ಧ ಪ್ರಾಜೆಕ್ಟೂ ಸಿಗುತ್ತದೆ. ಹೆಚ್ಚು ಮಕ್ಕಳ ಕಣ್ಣಿಗೆ ಬೀಳುವುದು ಡಿಜಿಟಲ್ ಗಡಿಯಾರ. ಸಿದ್ಧ ಗಡಿಯಾರ ಕೊಂಡು ತಂದರೆ ಒಂದು ದಿನದಲ್ಲಿ ಕೆಲಸ ಮುಗಿಯಿತು. ಆದರೆ ಮೌಖಿಕ ಪರೀಕ್ಷೆಯ ದಿನ ಪರೀಕ್ಷಕರು, ‘ಸೆಕೆಂಡು 59 ಆದ ಮೇಲೆ 60 ಏಕೆ ಬರುವುದಿಲ್ಲ?’ ಎಂದು ಕೇಳಿದರೆ ಕೊಂಡು ತಂದವನ ಬಳಿ ಉತ್ತರವಿರುವುದಿಲ್ಲ. ಮುಂದೆ ಕೆಲಸದ ಸಂದರ್ಶನದಲ್ಲೂ ಅದೇ ಮೌನ ಬೆನ್ನು ಹತ್ತುತ್ತದೆ.

ಎಣಿಕೆಯೇ ಗಡಿಯಾರ

ಗಡಿಯಾರದ ಗುಟ್ಟು ಬಹಳ ಹಳೆಯದು. ನಮ್ಮ ಹಿರಿಯರು ತಳದಲ್ಲಿ ಸಣ್ಣ ತೂತಿದ್ದ ಗಳಿಗೆ ಬಟ್ಟಲನ್ನು ನೀರಿನಲ್ಲಿ ತೇಲಿಬಿಡುತ್ತಿದ್ದರು. ಬಟ್ಟಲು ತುಂಬಿ ಮುಳುಗಿದರೆ ಒಂದು ಗಳಿಗೆ, ಅಂದರೆ 24 ನಿಮಿಷ. 60 ಗಳಿಗೆಗೆ ಒಂದು ದಿನ. ಒಂದೇ ರೀತಿ ಮತ್ತೆ ಮತ್ತೆ ನಡೆಯುವ ಒಂದು ಕ್ರಿಯೆ, ಅದನ್ನು ತಪ್ಪದೆ ಎಣಿಸುವ ಒಬ್ಬ ಮನುಷ್ಯ, ಇಷ್ಟೇ ಗಡಿಯಾರ. ಡಿಜಿಟಲ್ ಗಡಿಯಾರದಲ್ಲಿ ಬಟ್ಟಲಿನ ಜಾಗದಲ್ಲಿ ಕ್ವಾರ್ಟ್ಸ್ ಹರಳು, ಮನುಷ್ಯನ ಜಾಗದಲ್ಲಿ ಐಸಿ ಇರುತ್ತದೆ.

ಆ ಪುಟ್ಟ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಈ ಸಂಖ್ಯೆಯನ್ನೇ ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ಅದನ್ನು 15 ಬಾರಿ ಅರ್ಧ ಮಾಡುತ್ತಾ ಹೋದರೆ ಕೊನೆಗೆ ಸರಿಯಾಗಿ 1 ಉಳಿಯುತ್ತದೆ. ಸಿಡಿ 4060 ಎಂಬ ಐಸಿ 14 ಬಾರಿ ಅರ್ಧ ಮಾಡುತ್ತದೆ, ಉಳಿದ ಒಂದು ಸಲದ ಕೆಲಸವನ್ನು ಸಿಡಿ 4013 ವಹಿಸಿಕೊಳ್ಳುತ್ತದೆ. ಹೀಗೆ ಸೆಕೆಂಡಿಗೊಂದು ಮಿಡಿತ ಸಿದ್ಧ.

ಆ ಮಿಡಿತಗಳನ್ನು ಎಣಿಸಲು ಮೂರು ಸಿಡಿ 4518, ಎಣಿಕೆಯನ್ನು ಅಂಕೆಯಾಗಿ ತೋರಿಸಲು ಆರು ಸಿಡಿ 4511, ಜತೆಗೆ ಏಳು ಗೆರೆಗಳ ಆರು ಡಿಸ್‌ಪ್ಲೇ ಬೇಕು. ಪರೀಕ್ಷಕರ ಪ್ರಶ್ನೆಗೆ ಉತ್ತರ ಇರುವುದು ಸಿಡಿ 4081 ಎಂಬ ಐಸಿಯಲ್ಲಿ. ಎಣಿಸುವ ಐಸಿಯಿಂದ 1, 2, 4, 8 ಬೆಲೆಯ ನಾಲ್ಕು ತಂತಿಗಳು ಹೊರಡುತ್ತವೆ. ಸೆಕೆಂಡಿನ ಹತ್ತರ ಸ್ಥಾನ 6 ಆದ ಕೂಡಲೇ 4 ಮತ್ತು 2ರ ತಂತಿಗಳು ಒಟ್ಟಿಗೆ ಜೀವಂತವಾಗುತ್ತವೆ. ಎರಡೂ ಒಟ್ಟಾದಾಗ ಸಿಡಿ 4081 ಎಣಿಕೆಯನ್ನು ಸೊನ್ನೆಗೆ ತರುತ್ತದೆ. 60 ಮೂಡುವುದು ಕ್ಷಣದ ಅತಿ ಸಣ್ಣ ಪಾಲು ಮಾತ್ರ, ಕಣ್ಣಿಗೆ ಕಾಣುವುದು 00. ಗಂಟೆಗೂ ಅದೇ ನ್ಯಾಯ. ಹತ್ತರ ಸ್ಥಾನದಲ್ಲಿ 2, ಬಿಡಿ ಸ್ಥಾನದಲ್ಲಿ 4 ಬಂದರೆ ದಿನ ಮುಗಿಯಿತು.

ತಪ್ಪೇ ಗುರು

ಒಟ್ಟು 12 ಐಸಿ. ಆರು ಅಂಕೆಗಳ ಏಳೇಳು ಗೆರೆಗೆ ಒಂದೊಂದರಂತೆ 42 ರೆಸಿಸ್ಟರ್. ರೆಸಿಸ್ಟರುಗಳಿಗೇ 84 ಬೆಸುಗೆ! ಮೊದಲ ಸಲವೇ ಎಲ್ಲವೂ ಸರಿಯಾಗುವುದು ಅಪರೂಪ. ಬೆರಳು ಹತ್ತಿರ ತಂದರೆ ಸಾಕು, ಅಂಕೆಗಳು ಹುಚ್ಚೆದ್ದು ಓಡುತ್ತವೆ. ಹಾಗಾದರೆ ಯಾವುದೋ ಐಸಿಯ ಒಳಬರುವ ಕಾಲಿಗೆ ತಂತಿ ಜೋಡಿಸದೆ ಬಿಟ್ಟಿರಬಹುದು. ಸಮಯ ಹೊಂದಿಸುವ ಗುಂಡಿಯನ್ನು ಒಮ್ಮೆ ಒತ್ತಿದರೆ ನಿಮಿಷ ಮೂರು ಮುಂದೆ ಹಾರುತ್ತದೆ. ಗುಂಡಿಯೊಳಗಿನ ಲೋಹದ ಪಟ್ಟಿ ತಾಗುವಾಗ ಪುಟಿಯುವುದೇ ಅದಕ್ಕೆ ಕಾರಣ. ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಸೇರಿಸಿದರೆ ಆ ಪುಟಿತ ಅಡಗುತ್ತದೆ.

ಹರಳು ಬೇಡವೆಂದು 555 ಐಸಿಯಿಂದ ಮಿಡಿತ ಪಡೆಯುವವರೂ ಉಂಟು. ಅದು ಶೇ. 1ರಷ್ಟು ತಪ್ಪಿದರೂ ದಿನಕ್ಕೆ 864 ಸೆಕೆಂಡು, ಅಂದರೆ 14 ನಿಮಿಷಕ್ಕೂ ಹೆಚ್ಚು ವ್ಯತ್ಯಾಸ. ಹತ್ತು ಲಕ್ಷಕ್ಕೆ 20ರಷ್ಟು ತಪ್ಪುವ ಹರಳಾದರೆ ದಿನಕ್ಕೆ ಎರಡು ಸೆಕೆಂಡೂ ಇಲ್ಲ. ಇಂತಹ ಲೆಕ್ಕ ಸ್ವತಃ ಮಾಡಿ ನೋಡಿದ ವಿದ್ಯಾರ್ಥಿ ಅದನ್ನು ಮರೆಯಲಾರ.

230 ವೋಲ್ಟಿನ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. ಟ್ರಾನ್ಸ್‌ಫಾರ್ಮರ್ ಜೋಡಿಸುವಾಗ ತಿಳಿದವರು ಪಕ್ಕದಲ್ಲಿರಬೇಕು. ಅದಕ್ಕಿಂತ, ಮನೆಯಲ್ಲಿ ಬಿದ್ದಿರುವ 5 ವೋಲ್ಟಿನ ಹಳೆಯ ಮೊಬೈಲ್ ಚಾರ್ಜರ್ ಸುರಕ್ಷಿತ. ಪ್ರತಿ ಗೆರೆಗೆ 330 ಓಮ್ ರೆಸಿಸ್ಟರ್ ಹಾಕಿದರೆ ಇಡೀ ಗಡಿಯಾರಕ್ಕೆ ಅರ್ಧ ಆಂಪಿಯರಿಗಿಂತ ಕಡಿಮೆ ವಿದ್ಯುತ್ ಸಾಕು.

‘ಈಗೆಲ್ಲ ಆರ್ಡುಯಿನೊ ಇರುವಾಗ ಈ ಕಷ್ಟ ಏಕೆ?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದುದೇ. ಡಿಎಸ್ 3231 ಎಂಬ ಪುಟ್ಟ ಐಸಿ ವರ್ಷಕ್ಕೆ ಸುಮಾರು ಒಂದು ನಿಮಿಷಕ್ಕಿಂತ ಹೆಚ್ಚು ತಪ್ಪದು, ನಾಲ್ಕಾರು ತಂತಿಯಲ್ಲಿ ಕೆಲಸವೂ ಮುಗಿಯುತ್ತದೆ. ಆದರೆ ಎಣಿಕೆ ಹೇಗೆ ನಡೆಯುತ್ತದೆಂದು ತಿಳಿಯದೆ ಯಾರದೋ ಪ್ರೋಗ್ರಾಂ ನಕಲು ಮಾಡಿದರೆ ಅದೂ ಕೊಂಡು ತಂದ ಗಡಿಯಾರವೇ. ಒಮ್ಮೆ ಕೈಯಾರೆ ಕಟ್ಟಿದವನು ಆರ್ಡುಯಿನೊವನ್ನೂ ಅರಿತು ಬಳಸುತ್ತಾನೆ.

ಸಂಘಗಳು ಮನಸ್ಸು ಮಾಡಲಿ

ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಓದಿದ ಹುಡುಗರಿಗಾಗಿ ಕನ್ನಡ ರಾತ್ರಿ ಶಾಲೆಗಳನ್ನು ನಡೆಸಿದ ಊರು ಮುಂಬಯಿ. ಅಂದು ಅಕ್ಷರ ಕಲಿಸುವವರು ಬೇಕಾಗಿದ್ದರು. ಇಂದಿನ ಮಕ್ಕಳಿಗೆ ಅಕ್ಷರವಿದೆ, ಅಂಕವೂ ಇದೆ. ಆದರೆ ಒಂದು ಮೇಜು, ಒಂದು ಬೆಸುಗೆ ಕಡ್ಡಿ, ಒಂದು ಮಲ್ಟಿಮೀಟರ್, ‘ಇಲ್ಲಿ ನೋಡು ಮಗಾ, ಈ ತಂತಿ ತಪ್ಪಿದೆ’ ಎನ್ನುವ ಒಬ್ಬ ಹಿರಿಯರು ಇಲ್ಲ. ಹತ್ತಡಿಯ ಚಾಳಿನ ಕೋಣೆಯಲ್ಲಿ ಅರ್ಧ ಕಟ್ಟಿದ ಸರ್ಕೀಟನ್ನು ರಾತ್ರಿಯಿಡೀ ಹರಡಿಡಲು ಜಾಗವಾದರೂ ಎಲ್ಲಿದೆ?

ಸಂಘ-ಸಂಸ್ಥೆಗಳು ವರ್ಷವರ್ಷವೂ ಪ್ರತಿಭಾ ಪುರಸ್ಕಾರ, ವಿದ್ಯಾರ್ಥಿ ವೇತನ, ಪುಸ್ತಕ ವಿತರಣೆ ನಡೆಸುತ್ತಾ ಬಂದಿವೆ. ಇದು ಶ್ಲಾಘನೀಯ. ಅದರೊಂದಿಗೆ ಭಾನುವಾರ ಬೆಳಿಗ್ಗೆ ಸಂಘದ ಸಭಾಗೃಹದ ಒಂದು ಮೂಲೆಯನ್ನು ಈ ಮಕ್ಕಳಿಗೆ ಬಿಟ್ಟುಕೊಟ್ಟರೆ ಹೆಚ್ಚಿನ ಖರ್ಚೇನೂ ಬಾರದು. ರೈಲ್ವೆ, ದೂರವಾಣಿ, ಅಣುಶಕ್ತಿ ಇಲಾಖೆಗಳಲ್ಲಿ ದುಡಿದು ನಿವೃತ್ತರಾದ ಕನ್ನಡಿಗ ತಂತ್ರಜ್ಞರು ನಮ್ಮ ನಡುವೆಯೇ ಇದ್ದಾರೆ. ವೇದಿಕೆಯಲ್ಲಿ ಶಾಲು ಹೊದೆಸಿ ಸನ್ಮಾನಿಸುವ ಅವರನ್ನು ಎರಡು ಗಂಟೆ ಈ ಮೇಜಿನ ಮುಂದೆಯೂ ಕೂರಿಸೋಣ. ಪ್ರಶಸ್ತಿ ಕೊಡುವಾಗ ಅಂಕಪಟ್ಟಿಯ ಜತೆಗೆ, ವಿದ್ಯಾರ್ಥಿ ತಾನೇ ಕಟ್ಟಿ ತಾನೇ ವಿವರಿಸಬಲ್ಲ ಒಂದು ಪ್ರಾಜೆಕ್ಟಿಗೂ ಒಂದು ಬಹುಮಾನ ಮೀಸಲಿಡಬಹುದು. ಹಾಗೆ ಕಟ್ಟಿದ ಮೊದಲ ಗಡಿಯಾರವನ್ನು ಸಂಘದ ಕಚೇರಿಯ ಗೋಡೆಗೇ ತೂಗುಹಾಕಿದರೆ ಆ ಹುಡುಗನಿಗೂ ಹೆತ್ತವರಿಗೂ ಅದಕ್ಕಿಂತ ದೊಡ್ಡ ಸನ್ಮಾನ ಬೇರೆ ಬೇಕಿಲ್ಲ.