ಕಿರು ರನ್‌ವೇಯಲ್ಲಿ ಸಣ್ಣ ವಿಮಾನ ಸುರಕ್ಷಿತವಾಗಿ ಇಳಿಯುವುದು ಹೇಗೆ?

2010ರ ಮೇ 22ರಂದು ಮಂಗಳೂರಿನ ಬಜ್ಪೆಯಲ್ಲಿ ದುಬೈನಿಂದ ಬಂದ ವಿಮಾನ ರನ್‌ವೇ ದಾಟಿ ಕಮರಿಗೆ ಉರುಳಿ 158 ಮಂದಿ ಮೃತಪಟ್ಟರು. ರನ್‌ವೇಯ ಉದ್ದ 2,450 ಮೀಟರ್ ಇತ್ತು. ಆದರೆ ವಿಮಾನದ ಚಕ್ರ ನೆಲ ಮುಟ್ಟಿದ್ದು ಸುಮಾರು 1,600 ಮೀಟರ್ ಕಳೆದ ಮೇಲೆ. ಬಿಟ್ಟುಹೋದ ರನ್‌ವೇ ಯಾರ ಉಪಯೋಗಕ್ಕೂ ಬರುವುದಿಲ್ಲ ಎಂಬ ಪಾಠ ದೊಡ್ಡ ಜೆಟ್‌ಗಳಿಗೆ ಮಾತ್ರವಲ್ಲ, ನಾಲ್ಕು ಆಸನಗಳ ಖಾಸಗಿ ವಿಮಾನಕ್ಕೂ ಅನ್ವಯಿಸುತ್ತದೆ.

ಲೆಕ್ಕವೇ ಮೊದಲ ಹೆಜ್ಜೆ

ಜಗತ್ತಿನಾದ್ಯಂತ ಬಳಕೆಯಲ್ಲಿರುವ ಸೆಸ್ನಾ 172ಎಸ್ ವಿಮಾನವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಸಮುದ್ರಮಟ್ಟದ ಒಣ ರನ್‌ವೇಯಲ್ಲಿ, 50 ಅಡಿ ಎತ್ತರದ ಅಡೆತಡೆಯನ್ನು ದಾಟಿ ಇಳಿದು ನಿಲ್ಲಲು ಇದಕ್ಕೆ ಸುಮಾರು 407 ಮೀಟರ್ ಬೇಕೆಂದು ಕೈಪಿಡಿ ಹೇಳುತ್ತದೆ. ಇದರಲ್ಲಿ ನೆಲದ ಮೇಲಿನ ಓಟ ಕೇವಲ 175 ಮೀಟರ್.

ಆದರೆ ಇದು ಹೊಸ ವಿಮಾನ, ನುರಿತ ಪೈಲಟ್‌ನ ಅಂಕಿ. ಹಿಂಬದಿಯಿಂದ ಬೀಸುವ ಗಾಳಿಯ ಪ್ರತಿ 2 ನಾಟ್‌ಗೆ ದೂರ ಶೇ. 10ರಷ್ಟು ಹೆಚ್ಚುತ್ತದೆ. ಎದುರುಗಾಳಿಯಿಂದ ಶೇ. 10ರಷ್ಟು ಉಳಿತಾಯವಾಗಬೇಕಾದರೆ 9 ನಾಟ್ ಬೇಕು. ಒಣ ಹುಲ್ಲಿನ ನೆಲವಾದರೆ ಓಟದ ದೂರಕ್ಕೆ ಶೇ. 45 ಸೇರಿಸಬೇಕು. ಆದ್ದರಿಂದಲೇ ಕೈಪಿಡಿಯ ಅಂಕಿಯನ್ನು 1.43ರಿಂದ ಗುಣಿಸಿಕೊಳ್ಳುವಂತೆ ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರ ಸಲಹೆ ನೀಡುತ್ತದೆ. ಆಗ 407 ಮೀಟರ್ 582 ಮೀಟರ್ ಆಗುತ್ತದೆ.

ಸ್ಥಳದ ಎತ್ತರವೂ ಮುಖ್ಯ. ಬೆಂಗಳೂರಿನ ಜಕ್ಕೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ತೆಳುವಾಗಿರುವುದರಿಂದ ವೇಗಮಾಪಕ ಅದೇ ಅಂಕಿಯನ್ನು ತೋರಿಸಿದರೂ ವಿಮಾನದ ನಿಜವಾದ ವೇಗ ತುಸು ಹೆಚ್ಚಿರುತ್ತದೆ. ಬೇಸಿಗೆಯ ಮಧ್ಯಾಹ್ನ ಈ ವ್ಯತ್ಯಾಸ ಇನ್ನಷ್ಟು ಹಿಗ್ಗುತ್ತದೆ.

ವೇಗದ ಶಿಸ್ತು

ಕಿರು ರನ್‌ವೇಗೆ ಇಳಿಯುವಾಗ ಈ ವಿಮಾನದ ವೇಗ 61 ನಾಟ್, ಅಂದರೆ ಗಂಟೆಗೆ ಸುಮಾರು 113 ಕಿ.ಮೀ. ಇರಬೇಕು. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ವೇಗ ಶೇ. 10ರಷ್ಟು ಹೆಚ್ಚಾದರೆ ಬ್ರೇಕ್‌ಗಳು ತಡೆಯಬೇಕಾದ ಶಕ್ತಿ ಶೇ. 21ರಷ್ಟು ಹೆಚ್ಚುತ್ತದೆ. ಮೇಲಾಗಿ, ಹೆಚ್ಚುವರಿ ವೇಗದ ವಿಮಾನ ನೆಲ ಮುಟ್ಟದೆ ತೇಲುತ್ತಲೇ ಸಾಗುತ್ತದೆ. ಹಾಗೆಂದು ವೇಗವನ್ನು ಅತಿಯಾಗಿ ತಗ್ಗಿಸಿದರೆ ರೆಕ್ಕೆಗಳು ಎತ್ತುವ ಬಲವನ್ನು ಕಳೆದುಕೊಂಡು ವಿಮಾನ ಕುಸಿಯುವ ಅಪಾಯವಿದೆ.

ಫ್ಲ್ಯಾಪ್‌ಗಳನ್ನು ಪೂರ್ಣ ಇಳಿಸಿ, ವೇಗ ಮತ್ತು ಇಳಿಜಾರನ್ನು ಸ್ಥಿರಗೊಳಿಸಿಕೊಂಡ ಪೈಲಟ್ ರನ್‌ವೇಯ ಆರಂಭದಲ್ಲಿ ಒಂದು ಗುರಿಬಿಂದುವನ್ನು ಆರಿಸಿಕೊಳ್ಳುತ್ತಾನೆ. ಮುಂಗಾಜಿನಲ್ಲಿ ಆ ಬಿಂದು ಅಲುಗದೆ ನಿಂತಿದ್ದರೆ ಹಾದಿ ಸರಿಯಿದೆ. ಅದು ಮೇಲಕ್ಕೆ ಸರಿದರೆ ವಿಮಾನ ಗುರಿಗಿಂತ ಮೊದಲೇ ಇಳಿಯುತ್ತದೆ; ಕೆಳಕ್ಕೆ ಸರಿದರೆ ಗುರಿಯನ್ನು ದಾಟಿಹೋಗುತ್ತದೆ.

ಅಡೆತಡೆ ದಾಟಿದೊಡನೆ ಎಂಜಿನ್ ಶಕ್ತಿಯನ್ನು ಪೂರ್ಣ ತಗ್ಗಿಸಿ, ಹಿಂದಿನ ಎರಡು ಚಕ್ರಗಳನ್ನು ಮೊದಲು ನೆಲಕ್ಕೆ ತಾಗಿಸಬೇಕು. ನಂತರ ಮೂಗಿನ ಚಕ್ರ ಇಳಿಸಿ, ಫ್ಲ್ಯಾಪ್ ಮೇಲೆತ್ತಿ, ನಿಯಂತ್ರಣ ದಂಡವನ್ನು ಹಿಂದಕ್ಕೆಳೆದು ಬಲವಾಗಿ ಬ್ರೇಕ್ ಹಾಕಬೇಕು. ಫ್ಲ್ಯಾಪ್ ಎತ್ತಿದಾಗ ವಿಮಾನದ ಭಾರ ರೆಕ್ಕೆಗಳಿಂದ ಚಕ್ರಗಳಿಗೆ ವರ್ಗವಾಗಿ ಹಿಡಿತ ಹೆಚ್ಚುತ್ತದೆ. ಆದರೆ ಚಕ್ರ ಮಡಚುವ ವಿಮಾನಗಳಲ್ಲಿ ಈ ಗಡಿಬಿಡಿ ಸಲ್ಲದು. ಫ್ಲ್ಯಾಪ್ ಬದಲು ಚಕ್ರದ ಸನ್ನೆಯನ್ನೇ ಎಳೆದ ನಿದರ್ಶನಗಳುಂಟು.

ಮರಳಿ ಏರುವುದು ಸೋಲಲ್ಲ

ಯಾವ ಗುರುತಿನೊಳಗೆ ಚಕ್ರ ನೆಲ ಮುಟ್ಟದಿದ್ದರೆ ಮೇಲೇರಬೇಕೆಂಬುದನ್ನು ಪೈಲಟ್ ಮೊದಲೇ ನಿಶ್ಚಯಿಸಿಕೊಂಡಿರಬೇಕು. ಬಜ್ಪೆಯಲ್ಲಿ ಇಳಿಯುವ ಪ್ರಯತ್ನ ಕೈಬಿಡುವಂತೆ ಸಹ ಪೈಲಟ್ ಒಂದಕ್ಕಿಂತ ಹೆಚ್ಚು ಬಾರಿ ಹೇಳಿದ್ದು ತನಿಖೆಯಿಂದ ತಿಳಿದುಬಂದಿತ್ತು. ಬ್ರೇಕ್ ಹಾಕಿ ಅರ್ಧ ಓಡಿದ ಮೇಲೆ ಮನಸ್ಸು ಬದಲಿಸುವುದು ಇಳಿಯುವುದಕ್ಕಿಂತಲೂ ಅಪಾಯಕರ.

ಇನ್ನೊಂದು ಮಾತು. ಇದೇ ಸೆಸ್ನಾಕ್ಕೆ 50 ಅಡಿಯ ಅಡೆತಡೆ ದಾಟಿ ಮೇಲೇರಲು ಸುಮಾರು 497 ಮೀಟರ್ ಬೇಕು. ಇಳಿಯಲು ಸಾಕಾಗುವ ರನ್‌ವೇ ಹೊರಡಲು ಸಾಲದೆ ಹೋಗಬಹುದು. ಆದ್ದರಿಂದ ಇಳಿಯುವ ಮುನ್ನವೇ ಏರುವ ಲೆಕ್ಕವನ್ನೂ ಹಾಕಿರಬೇಕು.