ಮಕ್ಕಳು ಗೇಟು ದಾಟುವುದಿಲ್ಲ ಯಾಕೆ?

ಗ್ರೀಸ್ ದೇಶದ ನಿರ್ದೇಶಕ ಯೋರ್ಗೋಸ್ ಲಾಂತಿಮೋಸ್ 2009ರಲ್ಲಿ ತೆಗೆದ ಸಿನಿಮಾ ‘ಡಾಗ್‌ಟೂತ್’. ಹಾಗೆಂದರೆ ಕೋರೆಹಲ್ಲು. ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು, ಮುಂದೆ ಆಸ್ಕರ್‌ಗೂ ನಾಮನಿರ್ದೇಶನಗೊಂಡಿತು. ಕಥೆ ಸಣ್ಣದು. ಊರಾಚೆ ಎತ್ತರದ ಬೇಲಿಯೊಳಗೆ ಒಂದು ಮನೆ. ಅಪ್ಪ, ಅವ್ವ, ಪ್ರಾಯಕ್ಕೆ ಬಂದ ಮೂವರು ಮಕ್ಕಳು. ಮಕ್ಕಳಿಗೆ ಹೆಸರಿಲ್ಲ. ಹುಟ್ಟಿದಾಗಿನಿಂದ ಹೊರಗೆ ಕಾಲಿಟ್ಟಿಲ್ಲ. ಕಾರು ತೆಗೆದುಕೊಂಡು ಹೋಗಿ ಬರುವವನು ಅಪ್ಪ ಒಬ್ಬನೇ. ಹಿಂಸೆಯ, ಲೈಂಗಿಕ ಶೋಷಣೆಯ ದೃಶ್ಯಗಳಿವೆ, ದೊಡ್ಡವರಷ್ಟೇ ನೋಡಬೇಕಾದ ಚಿತ್ರ. ಪರಿಚಯಕ್ಕೆ ಇಷ್ಟು ಸಾಕು.

ಯಾದಗಿರಿ, ಶಹಾಪುರ, ಸುರಪುರದ ಕಾಲೇಜು ಹುಡುಗರಿಗೆ ಈ ಕಥೆ ಹೇಳಿದಾಗಲೆಲ್ಲ ಮೊದಲು ಬರುವ ಪ್ರಶ್ನೆ ಒಂದೇ: ‘ಸರ, ಗ್ವಾಡಿ ಜಿಗದು ಓಡಿ ಹೋಗಬಾರದೇನ್ರಿ?’ ಎಲ್ಲರೂ ಎಡವುವ ಜಾಗ ಇದು. ಕೂಡಿಹಾಕಿದ ಮನೆ ಎಂದರೆ ಬೀಗ, ಸರಪಳಿ ಎಂದೇ ನಾವು ಎಣಿಸುತ್ತೇವೆ. ಇಲ್ಲಿ ಯಾರ ಕಾಲಿಗೂ ಸರಪಳಿ ಇಲ್ಲ. ಮಕ್ಕಳು ಅಂಗಳದಲ್ಲಿ ಆಡುತ್ತಾರೆ, ಕೊಳದಲ್ಲಿ ಈಜುತ್ತಾರೆ. ಅವರನ್ನು ಹಿಡಿದಿಟ್ಟಿರುವುದು ಅಪ್ಪ ಅವ್ವ ಕಲಿಸಿದ ಮಾತು.

ಸಿನಿಮಾ ಶುರುವಾಗುವುದೇ ಟೇಪ್‌ರೆಕಾರ್ಡರಿನ ಪಾಠದಿಂದ. ಸಮುದ್ರ ಎಂದರೆ ಕೈಯಿರುವ ತೊಗಲಿನ ಕುರ್ಚಿ. ಹೆದ್ದಾರಿ ಎಂದರೆ ಜೋರು ಗಾಳಿ. ಊಟಕ್ಕೆ ಕೂತಾಗ ಮಗಳು ‘ಟೆಲಿಫೋನ್ ಕೊಡು’ ಎನ್ನುತ್ತಾಳೆ, ಅವ್ವ ಉಪ್ಪಿನ ಡಬ್ಬಿ ಸರಿಸುತ್ತಾಳೆ. ಹೊರಗಿನ ಲೋಕಕ್ಕೆ ದಾರಿ ತೋರುವ ಪದಗಳನ್ನೇ ಹೆಕ್ಕಿ, ಮನೆಯೊಳಗಿನ ಸಾಮಾನಿಗೆ ಕಟ್ಟಿಬಿಟ್ಟಿದ್ದಾರೆ. ಸಮುದ್ರಕ್ಕೆ ಹೋಗಬೇಕೆಂದು ಕೇಳುವುದಕ್ಕೂ ಆ ಮಕ್ಕಳ ಬಳಿ ಪದವಿಲ್ಲ.

ಇನ್ನು ಭಯ. ಬೆಕ್ಕಿಗಿಂತ ಘೋರ ಪ್ರಾಣಿ ಇನ್ನೊಂದಿಲ್ಲ ಎಂದು ಅಪ್ಪ ನಂಬಿಸುತ್ತಾನೆ. ತನ್ನ ಬಟ್ಟೆ ತಾನೇ ಹರಿದುಕೊಂಡು, ಕೆಂಪು ಬಳಿದುಕೊಂಡು ಬಂದು, ಬೇಲಿಯಾಚೆ ಇದ್ದ ನಿಮ್ಮ ಅಣ್ಣನನ್ನು ಬೆಕ್ಕು ಕೊಂದಿತು ಎನ್ನುತ್ತಾನೆ. ಮಕ್ಕಳು ಆ ಅಣ್ಣನ ಮುಖ ಕಂಡವರಲ್ಲ. ಅದರ ಮೇಲೆ ಪೈಪೋಟಿ ಬೇರೆ: ಯಾವುದರಲ್ಲಿ ಯಾರು ಗೆದ್ದರೂ ಒಂದು ಸ್ಟಿಕ್ಕರ್. ಒಬ್ಬರನ್ನೊಬ್ಬರು ಸೋಲಿಸುವುದರಲ್ಲೇ ದಿನ ಕಳೆಯುವವರು ಕೂಡಿ ಅಪ್ಪನನ್ನು ಪ್ರಶ್ನಿಸುವುದು ಎಲ್ಲಿಂದ ಬಂತು?

ಕೋರೆಹಲ್ಲಿನ ನಿಯಮವನ್ನು ನಾನು ಪ್ರತಿ ಸಲ ನಿಧಾನವಾಗಿ ಬಿಡಿಸಿ ಹೇಳುತ್ತೇನೆ. ‘ನೀವು ಎಂದೂ ಹೋಗುವಂತಿಲ್ಲ’ ಎಂದು ಅಪ್ಪ ಹೇಳುವುದೇ ಇಲ್ಲ. ಕೋರೆಹಲ್ಲು ಬಿದ್ದ ದಿನ ಮನೆ ಬಿಡಬಹುದು, ಅದು ಮತ್ತೆ ಬಂದ ಮೇಲೆ ಕಾರು ಕಲಿಯಬಹುದು ಎನ್ನುತ್ತಾನೆ. ಪ್ರಾಯದವರ ಕೋರೆಹಲ್ಲು ತಾನಾಗಿ ಬೀಳುವುದಿಲ್ಲ, ಬಿದ್ದರೆ ಮತ್ತೆ ಹುಟ್ಟುವುದಿಲ್ಲ. ‘ಬೇಡ’ ಎಂದಿದ್ದರೆ ಮಕ್ಕಳು ಒಂದು ದಿನ ತಿರುಗಿ ಬೀಳುತ್ತಿದ್ದರೇನೋ. ‘ಇನ್ನೂ ಹೊತ್ತಾಗಿಲ್ಲ’ ಎಂದದ್ದರಿಂದ ಕಾಯುತ್ತಾರೆ. ಕೊನೆಗೆ ದೊಡ್ಡ ಮಗಳು ವ್ಯಾಯಾಮದ ಡಂಬೆಲ್ ತೆಗೆದುಕೊಂಡು ತನ್ನ ಹಲ್ಲನ್ನು ತಾನೇ ಜಜ್ಜಿ ಮುರಿದುಕೊಳ್ಳುತ್ತಾಳೆ, ಅಪ್ಪನ ಕಾರಿನ ಡಿಕ್ಕಿಯಲ್ಲಿ ಅಡಗುತ್ತಾಳೆ. ಇದನ್ನು ಬಂಡಾಯ ಎನ್ನುವವರೇ ಹೆಚ್ಚು. ಸರಿಯಾಗಿ ನೋಡಿ: ಅವಳು ನಿಯಮ ಮುರಿದಿಲ್ಲ, ಪಾಲಿಸಿದ್ದಾಳೆ! ಹಲ್ಲು ಬಿದ್ದ ಮೇಲೇ ಹೊರಟಿದ್ದಾಳೆ, ಅಪ್ಪ ಹೋಗಿಬರುವ ಕಾರಿನಲ್ಲೇ ಹೊರಟಿದ್ದಾಳೆ. ಓಡಿ ಹೋಗುವಾಗಲೂ ತಲೆಯೊಳಗೆ ಅಪ್ಪ ಕೂತಿದ್ದಾನೆ. ಹಿಡಿತ ಎಂದರೆ ಏನೆಂದು ತೋರಿಸಲು ಇದಕ್ಕಿಂತ ಒಳ್ಳೆಯ ದೃಶ್ಯವನ್ನು ನಾನು ಕಂಡಿಲ್ಲ.

ಅವಳಿಗೆ ಹೊರಡುವ ಆಸೆ ಹುಟ್ಟಿದ್ದಾದರೂ ಹೇಗೆ? ಹೊರಗಿನಿಂದ ಬರುತ್ತಿದ್ದ ಒಬ್ಬ ಹೆಣ್ಣುಮಗಳ ಕೈಯಿಂದ ಒಂದೆರಡು ವಿಡಿಯೊ ಕ್ಯಾಸೆಟ್ ಒಳಗೆ ಬಂದವು, ಅಷ್ಟೇ. ಅಪ್ಪ ಅವ್ವನದಲ್ಲದ ಇನ್ನೊಂದು ಬಾಯಿ ಕಿವಿಗೆ ಬಿತ್ತು.

ಇಲ್ಲಿಗೆ ಬಂದಾಗ ನನಗೆ ಸುರಪುರದ ಓಣಿಗಳು ನೆನಪಾಗುತ್ತವೆ. ಕನ್ನಡ, ಉರ್ದು, ತೆಲುಗು, ಲಂಬಾಣಿ ಎಲ್ಲ ಕಿವಿಗೆ ಬೀಳುವ ಕಡೆ ಬೆಳೆದ ಮಗುವಿಗೆ ಉಪ್ಪನ್ನು ಟೆಲಿಫೋನ್ ಎಂದು ನಂಬಿಸುವುದು ಆಗದ ಮಾತು. ಕಟ್ಟೆಯ ಮೇಲೆ ಆಯಿ, ಬಾಜೂಮನಿ ಚಿಗವ್ವ, ಕಿರಾಣಿ ಅಂಗಡಿಯವ, ಯಾರಾದರೊಬ್ಬರು ತಿದ್ದಿಯೇ ತಿದ್ದುತ್ತಾರೆ.

ಹಾಗಂತ ಸಮಾಧಾನಪಡಬೇಡಿ. ಹತ್ತು ಬಾಯಿಗಳೂ ಒಂದೇ ಮಾತು ಹೇಳಿದರೆ ಓಣಿಯೇ ಬೇಲಿ. ‘ಕಾಲ ಕೆಟ್ಟದ, ಹೆಣ್ಣುಹುಡುಗಿ ಅಷ್ಟ ದೂರ ಹ್ಯಾಂಗ ಕಳಸೂದು’ ಎಂಬ ಮಾತು ನಮ್ಮ ಕಡೆಯ ಬೆಕ್ಕು. ದಾರಿಯಲ್ಲಿ ಅಪಾಯವಿಲ್ಲ ಎಂದಲ್ಲ. ಆದರೆ ಅಪಾಯ ತಪ್ಪಿಸಲು ಬಸ್ಸು ಕೇಳುವ ಬದಲು ಹುಡುಗಿಯ ಶಾಲೆ ಬಿಡಿಸಿದರೆ, ಅವಳಿಗಿದ್ದ ಇನ್ನೊಂದು ಬಾಯಿ ಮುಚ್ಚಿದಂತೆ. ಶಾಲೆಯ ಮಾತಿಗೆ ಬಂದರೆ, 2011ರ ಜನಗಣತಿಯಲ್ಲಿ ನಮ್ಮ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಎಲ್ಲಕ್ಕಿಂತ ಕಡಿಮೆ. ಗಂಡಸರಿಗಿಂತ ಹೆಂಗಸರದು ಇನ್ನೂ ಕೆಳಗೆ.

ಊರೇ ಬೇಲಿಯಾಗುವ ಬಗೆಯನ್ನು ಕನ್ನಡ ಸಿನಿಮಾ ಬಹಳ ಹಿಂದೆಯೇ ತೋರಿಸಿದೆ. ಅನಂತಮೂರ್ತಿಯವರ ಕಥೆಯಿಂದ ಗಿರೀಶ ಕಾಸರವಳ್ಳಿ 1977ರಲ್ಲಿ ತೆಗೆದ ‘ಘಟಶ್ರಾದ್ಧ’ ನೋಡಿ. ಅಗ್ರಹಾರದ ವಿಧವೆ ಯಮುನಕ್ಕನನ್ನು ಯಾರೂ ಕಟ್ಟಿಹಾಕಿಲ್ಲ, ಆದರೂ ಅವಳಿಗೆ ಹೋಗಲು ಜಾಗವಿಲ್ಲ. ಕೊನೆಗೆ ಬದುಕಿರುವವಳಿಗೇ ಶ್ರಾದ್ಧ. ಮೆಕ್ಸಿಕೊದ ಅರ್ತುರೋ ರಿಪ್‌ಸ್ಟೀನ್ 1970ರ ದಶಕದ ಮೊದಲಲ್ಲಿ ತೆಗೆದ ‘ಪರಿಶುದ್ಧಿಯ ಕೋಟೆ’ ‘ಡಾಗ್‌ಟೂತ್’ ಸಾಲಿನದು, ಅಲ್ಲಿ ಮನೆಯೇ ಬೇಲಿ. ಹೆಂಡತಿ ಮಕ್ಕಳನ್ನು ವರ್ಷಗಟ್ಟಲೆ ಮನೆಯೊಳಗಿಟ್ಟು ಇಲಿಪಾಷಾಣ ಮಾಡಿಸುವ ಅಪ್ಪನ ಕಥೆ, ಅದಕ್ಕೆ ಆಧಾರ ನಡೆದ ಘಟನೆ.

ಸಿನಿಮಾ ಬಿಟ್ಟು ನಿಜದ ಮನೆಗಳಿಗೆ ಬಂದರೆ, ಕಾನೂನಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ತಿದ್ದಲೇಬೇಕು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಗಂಡ ಹೊಡೆದರೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ರಕ್ತಸಂಬಂಧದ ಮನೆಯೂ ಅದರೊಳಗೆ ಬರುತ್ತದೆ, ಮಾತಿನ, ಮನಸ್ಸಿನ, ಹಣದ ಹಿಂಸೆಯೂ ಬರುತ್ತದೆ. ಮಗಳು ಅಪ್ಪನ ಮೇಲೂ ದೂರು ಕೊಡಬಹುದು. ಸಹಾಯವಾಣಿ ಮಹಿಳೆಯರಿಗೆ 181, ಮಕ್ಕಳಿಗೆ 1098.

ನಮ್ಮ ಮೂರೂ ಊರಿನ ಕಾಲೇಜುಗಳಲ್ಲಿ ಸಮಾಜಶಾಸ್ತ್ರ ಓದುವವರಲ್ಲಿ ಒಂದು ವಿನಂತಿ. ಶಾಲೆ ಬಿಟ್ಟ ಹುಡುಗಿಯರನ್ನು ಮಾತಾಡಿಸಿ, ಬಿಡಿಸುವ ಮೊದಲು ಮನೆಯಲ್ಲಿ ಯಾವ ಮಾತು ಬಂತು, ಅದನ್ನು ಮೊದಲು ಆಡಿದವರು ಯಾರು ಎಂದು ಕೇಳಿ, ಹೆಸರು ಬಿಟ್ಟು, ಅವರು ಹೇಳಿದ ಹಾಗೆಯೇ ಬರೆದಿಡಿ.